ನೀಲಾಂಬರಿಯ ಕೋಳಿಗಳು

ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಹಾಸಿಗೆ ಅಂಗಡಿ ಇಟ್ಟುಕೊಂಡಿದ್ದ ಬಾಬಾ ಜಾನ್‌ಗೆ ಒಂದು ಕೆಟ್ಟ ಅಭ್ಯಾಸವಿತ್ತು. ಯಾರಾದರೂ ಏನಾದರೂ ಕೇಳಿದರೆ ನಿಜ ಹೇಳಿಬಿಡುತ್ತಿದ್ದ. ಇದು ಹುಟ್ಟುಗುಣವಲ್ಲ, ಕಸುಬಿನಿಂದ ಅಂಟಿಕೊಂಡದ್ದು. ಹೊಸ ಹಾಸಿಗೆ ಕೊಟ್ಟು ವಾರ ಕಳೆದ ಮೇಲೆ ಗಿರಾಕಿಯ ಮನೆಗೆ ಹೋಗಿ, "ನಿಜ ಹೇಳಿ, ಎಲ್ಲಿ ಒತ್ತುತ್ತೆ?" ಎಂದು ಕೇಳುವುದು ಅವನ ಅಪ್ಪನ ಕಾಲದಿಂದ ನಡೆದುಬಂದ ಪದ್ಧತಿ. ಗಿರಾಕಿ "ಎಡಗಡೆ ಸೊಂಟದ ಹತ್ರ ಗಂಟು" ಎಂದರೆ ಇವನಿಗೆ ಬೇಸರವಿಲ್ಲ. ಹೊಲಿಗೆ ಬಿಚ್ಚಿ, ಅಲ್ಲಿನ ಹತ್ತಿಯನ್ನು ಇನ್ನೊಮ್ಮೆ ಹಿಂಜಿ ತುಂಬಿಕೊಡುತ್ತಿದ್ದ. ಬರೀ "ಚೆನ್ನಾಗಿದೆ" ಎನ್ನುವ ಗಿರಾಕಿಯ ಮೇಲೆಯೇ ಅವನಿಗೆ ಅನುಮಾನ. ಅಂಥವನು ಹಾಸಿಗೆಯನ್ನು ಅಟ್ಟಕ್ಕೆ ಎಸೆದು ಚಾಪೆಯ ಮೇಲೆ ಮಲಗುತ್ತಿದ್ದಾನೆ ಎಂದೇ ಅವನ ಲೆಕ್ಕ.

ಲೋಕವೆಲ್ಲ ಹಾಸಿಗೆಯ ಹಾಗೆ ನಡೆಯುವುದಿಲ್ಲ ಎಂಬುದು ಅವನಿಗೆ ತಿಳಿಯಲೇ ಇಲ್ಲ. ಇದರಿಂದಾಗಿ ಮಗಳು ಝೋಯಾಳಿಗೆ ಬಂದಿದ್ದ ಎರಡು ಸಂಬಂಧ ಕೈತಪ್ಪಿದ್ದವು. ಮೊದಲನೆಯವರು, "ಸೋಫಾ ಹೇಗಿದೆ ಭಾಯಿ? ಬೆಂಗಳೂರಿಂದ ತರಿಸಿದ್ದು" ಎಂದು ಹೆಮ್ಮೆಯಿಂದ ಕೇಳಿದ್ದರು. ಇವನು ಎದ್ದು, ಮಂಡಿಯೂರಿ, ಸೋಫಾದ ಕೆಳಗೆ ಮೊಣಕೈವರೆಗೂ ಕೈ ಹಾಕಿ, "ಒಳಗೆ ಹಳೇ ತೆಂಗಿನ ನಾರು ತುಂಬವ್ರೆ, ನಿಮಗೆ ಟೋಪಿ ಹಾಕವ್ರೆ" ಎಂದಿದ್ದ. ಎರಡನೆಯವರು ಬಿರಿಯಾನಿ ಹೇಗಿದೆ ಎಂದು ಕೇಳಿದ್ದರು. ಆ ಕಥೆ ಬೇಡ.

ಮೂರನೆಯ ಸಂಬಂಧ ಕುಣಿಗಲ್ಲಿನದು. ಹುಡುಗ ಉಮೇರ್, ಹುಲಿಯೂರುದುರ್ಗದಲ್ಲಿ ಔಷಧಿ ಅಂಗಡಿ ಇಟ್ಟವನು. ಝೋಯಾ ಅವನನ್ನು ಒಪ್ಪಿದ್ದಳು. ಬಾಯಿಬಿಟ್ಟು ಹೇಳದಿದ್ದರೂ, ಅವನ ಹೆಸರು ಬಂದ ಕೂಡಲೇ ಅಡುಗೆಮನೆಗೆ ಹೋಗಿ ಇಲ್ಲದ ಪಾತ್ರೆ ತೊಳೆಯುತ್ತಿದ್ದಳು. ಇದೂ ತಪ್ಪಿಹೋದರೆ ಮಗಳ ಮುಖ ನೋಡಲಾಗುವುದಿಲ್ಲ ಎಂಬುದು ಬಾಬಾ ಜಾನ್‌ಗೂ ಗೊತ್ತಿತ್ತು. ಅವನ ಹೆಂಡತಿ ಖಮರುನ್ನೀಸಾಗಂತೂ ಚೆನ್ನಾಗಿಯೇ ಗೊತ್ತಿತ್ತು. ಹಾಗಾಗಿ ಕುಣಿಗಲ್ಲಿನ ಬಸ್ಸು ಹತ್ತುವಾಗಲೇ ಆಕೆ ಗಂಡನ ಬಾಯಿಗೆ ಎಲೆ ಅಡಿಕೆ ತುಂಬಿ, "ಅಜೀ, ಇದು ಇರೋವರೆಗೂ ಮಾತಾಡ್ಬೇಡಿ" ಎಂದಳು. ಈ ಗಂಡ ಹೆಂಡಿರು ತಮ್ಮೊಳಗೆ ಆಡುವುದು ಉರ್ದು. ನಮಗೂ ನಿಮಗೂ ಅನುಕೂಲವಾಗಲೆಂದು ಕನ್ನಡಕ್ಕೆ ಇಳಿಸಿದ್ದೇವೆ.

ಕುಣಿಗಲ್ಲಿನ ಆ ಮನೆಯಲ್ಲಿ ಮಾತ್ರ ಹಾಗೆ ಇಳಿಸುವ ಕಷ್ಟವಿರಲಿಲ್ಲ. ಹುಡುಗನ ತಂದೆ ಸಯೀದ್ ಸಾಹೇಬರು ರಿಟೈರ್ಡ್ ಕನ್ನಡ ಮೇಷ್ಟ್ರು. ಮೂವತ್ತು ವರ್ಷ ಸಂಧಿ ಸಮಾಸ ಕಲಿಸಿದವರು. ಹಾಲಿನವನ ಹತ್ತಿರವೂ "ಇಂದು ಕ್ಷೀರದಲ್ಲಿ ನೀರಿನ ಅಂಶ ಅಧಿಕವಾಗಿದೆ" ಎನ್ನುವಂಥವರು. ಅವರು ಗಾಜಿನ ಕಪಾಟಿನ ಪಕ್ಕದ ರಟ್ಟಿನ ಪೆಟ್ಟಿಗೆಯಿಂದ ಒಂದು ದಪ್ಪ ಪುಸ್ತಕ ತೆಗೆದು, ಮಗುವನ್ನು ಕೊಡುವ ಹಾಗೆ ಎರಡೂ ಕೈಯಲ್ಲಿ ಬಾಬಾ ಜಾನ್ ಮುಂದೆ ಹಿಡಿದರು. ಪುಸ್ತಕದ ಹೆಸರು 'ಹೃದಯದ ಹೆಬ್ಬಾಗಿಲಲ್ಲಿ ಹುಣ್ಣಿಮೆ'.

"ನನ್ನ ಕಾದಂಬರಿ. ಇಪ್ಪತ್ತು ವರ್ಷಗಳ ತಪಸ್ಸು. ಓದಿ, ತಮ್ಮ ಪ್ರಾಮಾಣಿಕ ಅಭಿಪ್ರಾಯವನ್ನು ತಿಳಿಸಿ. ಆನಂತರ ತಾರೀಖು ನಿಶ್ಚಯಿಸೋಣ. ಸಾಹಿತ್ಯದ ಗಂಧವಿಲ್ಲದ ಮನೆಯೊಡನೆ ನಂಟು ಬೆಳೆಸಲು ನನ್ನ ಮನಸ್ಸು ಒಪ್ಪದು."

ಬಾಬಾ ಜಾನ್ ಎಲೆ ಅಡಿಕೆಯನ್ನು ಒಂದು ದವಡೆಗೆ ತಳ್ಳಿದ. "ಪ್ರಾಮಾಣಿಕ ಅಂದ್ರೆ ನಿಜಾನೇ ತಾನೆ ಸಾರ್?"

"ನಿಷ್ಠುರ ಸತ್ಯ!"

"ಎಲ್ಲಿ ಒತ್ತುತ್ತೆ ಅಂತಾನೂ ಹೇಳ್ಬೋದಾ?"

ಸಯೀದರಿಗೆ ಈ ಪ್ರಶ್ನೆ ಪೂರ್ತಿ ಅರ್ಥವಾಗಲಿಲ್ಲ. ಆದರೂ ಸಾಹಿತ್ಯದಲ್ಲಿ ಒತ್ತಡವೆಂಬುದು ಇದ್ದೇ ಇರುತ್ತದೆಂದು, "ಅವಶ್ಯವಾಗಿ" ಎಂದರು. ಖಮರುನ್ನೀಸಾ ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡು ಕಣ್ಣು ಮುಚ್ಚಿದಳು.

ಊರಿಗೆ ಬಂದ ಕೂಡಲೇ ಪಕ್ಕದ ಮನೆಯ ಚಿಕ್ಕಮಾರಯ್ಯನವರನ್ನು ಕರೆಸಲಾಯಿತು. ತುಮಕೂರಿನಿಂದ ಗುಬ್ಬಿಯವರೆಗೆ ಎಲ್ಲಿ ಪುಸ್ತಕ ಬಿಡುಗಡೆಯಾದರೂ ವೇದಿಕೆಯ ಮೇಲೆ ಎಡಗಡೆಯಿಂದ ಮೂರನೆಯ ಕುರ್ಚಿ ಇವರದು. ಮನೆಯಲ್ಲಿ ಶಾಲು ಇಡಲು ಜಾಗ ಸಾಲದೆ ಕಿಟಕಿಗೆ ಪರದೆ ಮಾಡಿದ್ದರು.

"ಬಾಬಣ್ಣ, ಇದಕ್ಕೆಲ್ಲ ಓದ್ತಾರೇನಪ್ಪಾ?" ಎಂದು ಚಿಕ್ಕಮಾರಯ್ಯನವರು ನಕ್ಕರು. "ಮೂರೇ ಮಾತು ಕಲ್ತ್ಕೊ. ಒಂದು, 'ಓದಿಸಿಕೊಂಡು ಹೋಗುತ್ತದೆ.' ಎರಡು, 'ಇದರಲ್ಲಿ ಮಣ್ಣಿನ ವಾಸನೆ ಇದೆ.' ಮೂರು, 'ಇವರ ಲೇಖನಿಯಿಂದ ಇನ್ನೂ ಹೆಚ್ಚಿನದನ್ನು ನಿರೀಕ್ಷಿಸುತ್ತೇವೆ.' ಈ ಮೂರ್ರಲ್ಲೇ ನಾನು ಇನ್ನೂರು ಪುಸ್ತಕ ಬಿಡುಗಡೆ ಮಾಡಿದೀನಿ."

"ಅವ್ರು ನಿಷ್ಠುರ ಸತ್ಯ ಅಂದವ್ರೆ ಮಾರಯ್ಯನೋರೇ."

"ಹಂಗೇ ಅಂತಾರೆ. ಊಟಕ್ಕೆ ಬನ್ನಿ ಅಂತಾರೆ, ಹೋಗ್ಬಿಡ್ತೀಯಾ?"

ಬಾಬಾ ಜಾನ್ ಹೋಗಿಬಿಡುವ ಜಾತಿಯವನೇ. ಮರುದಿನ ಮಧ್ಯಾಹ್ನ ಅಂಗಡಿಯಲ್ಲಿ ಹಾಸಿಗೆಗಳ ರಾಶಿಯ ಮೇಲೆ ಮಲಗಿ ಓದಲು ಶುರುಮಾಡಿದ. ಹೈಸ್ಕೂಲು ಬಿಟ್ಟ ಮೇಲೆ ಅವನು ಹಿಡಿದ ಮೊದಲ ಪುಸ್ತಕ ಇದು. ಮುಖಪುಟದಲ್ಲಿ ಕೋಟೆಯ ದೊಡ್ಡ ಬಾಗಿಲು, ಅದರ ಮುಂದೆ ಕೂದಲು ಬಿಟ್ಟುಕೊಂಡ ಹುಡುಗಿ, ಮೇಲೆ ಚಂದ್ರ. ಕಳ್ಳರಾದರೂ ಇರುತ್ತಾರೆ, ದೆವ್ವವಾದರೂ ಇರುತ್ತದೆ ಎಂದು ಆಸೆಯಿಂದ ತೆರೆದ. ಕಳ್ಳರೂ ಬರಲಿಲ್ಲ, ದೆವ್ವವೂ ಬರಲಿಲ್ಲ. ನೀಲಾಂಬರಿ ಎಂಬ ಹುಡುಗಿ ಕಿಟಕಿಯಲ್ಲಿ ಕೂತು ಚಂದ್ರನನ್ನು ನೋಡುತ್ತಿದ್ದಳು. ನಲವತ್ತು ಪುಟ ಕಳೆದರೂ ಬೆಳಗಾಗಲಿಲ್ಲ. ಆಮೇಲೆ ಪ್ರಶಾಂತ ಎಂಬುವನು ಬಂದು ಆಕೆಯನ್ನು ನೋಡಿದ. ಆಕೆ ಚಂದ್ರನನ್ನು ನೋಡಿದಳು. ಅವನೂ ಚಂದ್ರನನ್ನು ನೋಡಿದ. ಅಷ್ಟರಲ್ಲಿ ಗಿರಾಕಿ ಬಂದು ದಿಂಬು ಕೇಳಿದ್ದರಿಂದ ಬಾಬಾ ಜಾನ್ ಬದುಕಿಕೊಂಡ.

ಆದರೆ ಒಪ್ಪಿಕೊಂಡ ಕೆಲಸ. ಆಕಳಿಸುತ್ತ, ಕಣ್ಣಿಗೆ ನೀರು ಹಾಕಿಕೊಳ್ಳುತ್ತ ತೊಂಬತ್ತಾರನೇ ಪುಟಕ್ಕೆ ಬಂದ. ಅಲ್ಲಿ ಕೊನೆಯ ಸಾಲು ಹೀಗಿತ್ತು: 'ನೀಲಾಂಬರಿ ನಡುಗುವ ಕೈಗಳಿಂದ ಬಾಗಿಲನ್ನು ತೆರೆದಳು. ಎದುರಿಗೆ'

ಪುಟ ತಿರುವಿದ.

'ಐವತ್ತು ಮರಿಗಳು ಓಡಾಡುವಷ್ಟು ಜಾಗ ಇರಲಿ. ಮೊದಲ ವಾರ ಮರಿಗಳಿಗೆ ಬೆಚ್ಚಗಿನ ಗೂಡು ಬೇಕು. ನೆಲಕ್ಕೆ ಭತ್ತದ ಹೊಟ್ಟು ಹರಡಿ.'

ಬಾಬಾ ಜಾನ್ ಎದ್ದು ಕೂತ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದ. ಕಥೆ ಈಗ ಎಲ್ಲೋ ಒಂದು ಕಡೆ ಕಾಲೂರಿತು ಅನ್ನಿಸಿತು. ಆದರೆ ಪುಟದ ಸಂಖ್ಯೆ ತೊಂಬತ್ತೇಳು ಇರಬೇಕಾದ ಕಡೆ ಹದಿನೇಳು ಎಂದಿತ್ತು. ರಸ್ತೆಯಲ್ಲಿ ಹೋಗುತ್ತಿದ್ದ ಚಿಕ್ಕಮಾರಯ್ಯನವರನ್ನು ಕೂಗಿ, "ಮಾರಯ್ಯನೋರೇ, ತೊಂಬತ್ತಾರು ಆದ್ಮೇಲೆ ಹದಿನೇಳು ಬರುತ್ತಾ?" ಎಂದು ಕೇಳಿದ.

"ಬರುತ್ತಪ್ಪಾ. ಅದಕ್ಕೆ ಫ್ಲ್ಯಾಶ್‌ಬ್ಯಾಕ್ ಅಂತಾರೆ. ಕಾಲ ಹಿಂದಕ್ಕೆ ಹೋಗುತ್ತೆ" ಎಂದು ಚಿಕ್ಕಮಾರಯ್ಯನವರು ನಿಲ್ಲದೆ ಹೋದರು.

ಅಲ್ಲಿಂದ ಮುಂದೆ ಬಾಬಾ ಜಾನ್‌ಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಏನು ಬರವಣಿಗೆ! ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಚಳಿಯಾದರೆ ಮರಿಗಳು ಗುಂಪುಗೂಡುತ್ತವೆ, ಸೆಕೆಯಾದರೆ ದೂರ ಸರಿಯುತ್ತವೆ ಎಂದು ಓದಿ ಅವನ ಕಣ್ಣು ತುಂಬಿತು. ಕೊನೆಗೆ ಒಂದು ಕರಿಕೋಳಿ ಬಂತು. ಅದನ್ನು ಹನ್ನೆರಡು ಮೊಟ್ಟೆಯ ಮೇಲೆ ಕಾವಿಗೆ ಕೂರಿಸಿ ಬುಟ್ಟಿ ಮುಚ್ಚುತ್ತಾರೆ. ಬೆಕ್ಕಿನ ಭಯ ಬೇರೆ. ಬಾಬಾ ಜಾನ್ ಅಂಗಡಿಯ ಬಾಗಿಲು ಅರ್ಧ ಎಳೆದು, ಉಸಿರು ಹಿಡಿದು ಓದಿದ. 'ಇಪ್ಪತ್ತೊಂದನೇ ದಿನ ಬೆಳಿಗ್ಗೆ ನಿಧಾನವಾಗಿ ಬುಟ್ಟಿಯನ್ನು ಎತ್ತಿ ನೋಡಿದರೆ, ಒಳಗೆ'

ಪುಟ ತಿರುವಿದ.

'ಪ್ರಶಾಂತನು ಕಣ್ಣೀರು ಸುರಿಸುತ್ತ ಕುಳಿತಿದ್ದನು.'

ಬಾಬಾ ಜಾನ್‌ಗೆ ತಲೆ ಧಿಮ್ಮೆಂದಿತು. ಆಳೆತ್ತರದ ಗಂಡಸು ಕೋಳಿಬುಟ್ಟಿಯೊಳಗೆ ಹೇಗೆ ಹೋದ? ಹೋದರೆ ಹೋಗಲಿ, ಮೊಟ್ಟೆಗಳು ಏನಾದವು? ಪುಟ ಮತ್ತೆ ನೂರಾ ಹದಿಮೂರಕ್ಕೆ ಬಂದಿತ್ತು, ಚಂದ್ರನೂ ವಾಪಸ್ಸು ಬಂದಿದ್ದ. ಕೋಳಿಗಳ ಸುದ್ದಿ ಇನ್ನೇನು ಬರುತ್ತದೆ, ಇನ್ನೇನು ಬರುತ್ತದೆ ಎಂದು ಅವನು ಕಾದಂಬರಿಯ ಕೊನೆಯ ಸಾಲಿನವರೆಗೂ ಓದಿದ. ಒಂದು ಪುಕ್ಕವೂ ಸಿಗಲಿಲ್ಲ. ಕೊನೆಯಲ್ಲಿ ನೀಲಾಂಬರಿ ತೀರಿಕೊಂಡಳು. ಅದರಿಂದ ಅವನಿಗೆ ಏನೂ ಅನ್ನಿಸಲಿಲ್ಲ.

"ಇಷ್ಟು ಚೆನ್ನಾಗಿ ಬರೀತಾ ಬರೀತಾ ನಡುವೇನೇ ಕೈ ಬಿಟ್ಟವ್ರೆ" ಎಂದು ಅವನು ಊಟಕ್ಕೆ ಕೂತಾಗ ಕೊರಗಿದ. "ಬುಟ್ಟಿ ಮುಚ್ಚಿ ಹೋದೋರು ಮತ್ತೆ ತಿರುಗಿ ನೋಡ್ಲೇ ಇಲ್ಲ. ಪಾಪ, ನೀರಿಟ್ಟವರು ಯಾರೋ ಏನೋ."

"ಯಾರ ಮನೆ ಕೋಳಿ?" ಎಂದಳು ಖಮರುನ್ನೀಸಾ.

"ಬೀಗ್ರುದು."

"ಬೀಗ್ರು ಕೋಳಿ ಸಾಕವ್ರಾ? ನನಗೆ ಹೇಳಲೇ ಇಲ್ವಲ್ಲ!" ಎಂದು ಆಕೆ ಸಂಭ್ರಮಪಟ್ಟಳು.

ಅಭಿಪ್ರಾಯ ಕೇಳಲು ಸಯೀದರು ತಾವೇ ತುಮಕೂರಿಗೆ ಬಂದರು. ಜೊತೆಗೆ ಹೆಂಡತಿ ದಿಲ್ಶಾದ್ ಬೇಗಂ, ಮಗ ಉಮೇರ್. ಖಮರುನ್ನೀಸಾ ಮುನ್ನೆಚ್ಚರಿಕೆಗಾಗಿ ಚಿಕ್ಕಮಾರಯ್ಯನವರನ್ನೂ ಕರೆದು ಕೂರಿಸಿದ್ದಳು. ಗಂಡ ಎಡವಿದರೆ ಎತ್ತಿ ನಿಲ್ಲಿಸಲು ಒಬ್ಬರು ಬೇಕಲ್ಲ. ಝೋಯಾ ಬಾಗಿಲ ಪರದೆಯ ಹಿಂದೆ ನಿಂತಿದ್ದಳು. ಪುಸ್ತಕ ಟೀವಿಯ ಮೇಲೆ ಎಲ್ಲರಿಗೂ ಕಾಣುವಂತೆ ಇತ್ತು.

"ಹೇಳಿ ಬಾಬಾ ಜಾನ್ ಅವರೇ. ಮುಲಾಜಿಲ್ಲದೆ ಹೇಳಿ" ಎಂದರು ಸಯೀದರು.

"ಪೂರ್ತಿ ಓದ್ದೆ ಸಾರ್. ಮೊದಲ್ನೇ ಭಾಗ ಸ್ವಲ್ಪ ಗಂಟುಗಂಟು. ಚಂದ್ರ ಜಾಸ್ತಿ ಆಗವ್ನೆ."

ಸಯೀದರ ನಗು ಕಾಲುಭಾಗ ಇಳಿಯಿತು. "ಆಗಲಿ. ಮುಂದೆ?"

"ನಡುವಿಂದು ಮಾತ್ರ ಸಾರ್, ಅಬ್ಬಬ್ಬಾ! ಬೂರುಗದ ಹತ್ತಿ ಇದ್ದಂಗೆ. ಎಲ್ಲೂ ಒತ್ತಲ್ಲ. ಇದನ್ನೆಲ್ಲ ನೀವು ಸ್ವಂತ ಅನುಭವದಿಂದಲೇ ಬರೆದಿರೋದು, ಅಲ್ವಾ?"

ಸಯೀದರ ಲೆಕ್ಕದಲ್ಲಿ ನಡುವಿನಲ್ಲಿದ್ದದ್ದು ನೀಲಾಂಬರಿ ಮತ್ತು ಪ್ರಶಾಂತರ ಪ್ರಣಯ. ಅವರ ಕಿವಿ ಕೆಂಪಾಯಿತು. "ಬಹುಪಾಲು ಕಲ್ಪನೆ. ಕಿಂಚಿತ್ ಅನುಭವವೂ..." ಎನ್ನುವಷ್ಟರಲ್ಲಿ ದಿಲ್ಶಾದ್ ಬೇಗಂ, "ಯಾವ ಅನುಭವ?" ಎಂದು ಟೀ ಲೋಟ ಕೆಳಗಿಟ್ಟರು.

"ಎಷ್ಟು ವಿವರ ಸಾರ್!" ಬಾಬಾ ಜಾನ್ ಹುಮ್ಮಸ್ಸಿಗೇರಿದ. "ಕಾವಿಗೆ ಕೂರ್ಸೋದು, ಮರಿ ಆದ್ಮೇಲೆ ಬೆಚ್ಚಗಿಡೋದು, ಹೊಟ್ಟು ಹಾಸೋದು!"

"ಮರಿ?"

"ಆ ಕರಿಕೋಳಿದು ಸಾರ್."

"ಯಾವ ಕರಿಕೋಳಿ?"

"ನಿಮ್ದೇ ಸಾರ್. ಆದ್ರೆ ಒಂದು ಮಾತು ಹೇಳ್ಲೇಬೇಕು. ಅವನ್ನ ಬುಟ್ಟಿ ಮುಚ್ಚಿ ಹಂಗೇ ಬಿಟ್ಬಿಟ್ರಲ್ಲ, ಅದು ಸರಿಯಲ್ಲ. ಕೋಳಿ ಕೊನೇವರೆಗೂ ಇದ್ದಿದ್ರೆ ನಿಮ್ಮ ಪುಸ್ತಕ ಎಲ್ಲಿಗೋ ಹೋಗ್ತಿತ್ತು."

ಖಮರುನ್ನೀಸಾ ಚಿಕ್ಕಮಾರಯ್ಯನವರತ್ತ ಕಣ್ಸನ್ನೆ ಮಾಡಿದಳು. ಅವರು ಕೆಮ್ಮಿ, ವೇದಿಕೆಯ ಮೇಲಿದ್ದವರ ಹಾಗೆ ಎದ್ದು ನಿಂತರು.

"ಸನ್ಮಾನ್ಯರೇ, ನಾನೂ ತಮ್ಮ ಕೃತಿಯನ್ನು ಅಕ್ಷರ ಬಿಡದೆ ಓದಿದ್ದೇನೆ. ಓದಿಸಿಕೊಂಡು ಹೋಗುತ್ತದೆ. ಮಣ್ಣಿನ ವಾಸನೆ ಇದೆ. ಇನ್ನು ಆ ಕೋಳಿ! ಆ ಕೋಳಿಯ ಭಾಗಕ್ಕೆ ಬಂದಾಗ ನನಗೆ ಕಣ್ಣೀರು ತಡೆಯಲಾಗಲಿಲ್ಲ. ಕೋಳಿ ಅಂದರೆ ಏನು? ನಮ್ಮ ಆತ್ಮ. ಬುಟ್ಟಿ ಅಂದರೆ ಏನು? ಸಮಾಜ. ತಾವು ಎಷ್ಟು ಸೂಕ್ಷ್ಮವಾಗಿ ಹೇಳಿದ್ದೀರಿ!"

"ನನ್ನ ಕಾದಂಬರಿಯಲ್ಲಿ ಕೋಳಿ ಇಲ್ಲ!" ಎಂದು ಸಯೀದರು ಕೂಗಿದರು.

"ಅದೇ ತಮ್ಮ ದೊಡ್ಡತನ" ಎಂದು ಚಿಕ್ಕಮಾರಯ್ಯನವರು ಕೈಮುಗಿದರು.

"ಐತೆ ಸಾರ್, ಐವತ್ತು ಮರಿ ಐತೆ, ಬೇಕಾದ್ರೆ ತೆಗ್ದು ತೋರಿಸ್ತೀನಿ" ಎಂದು ಬಾಬಾ ಜಾನ್ ಟೀವಿಯ ಕಡೆ ಕೈಚಾಚಿದ. ಸಯೀದರು ಅದಕ್ಕೂ ಮೊದಲೇ ಪುಸ್ತಕವನ್ನು ಕಸಿದು ಕಂಕುಳಿಗೆ ಸಿಕ್ಕಿಸಿಕೊಂಡರು.

"ನನ್ನ ಪುಸ್ತಕದಲ್ಲಿ ಏನಿದೆ ಎಂದು ನನಗೇ ತೋರಿಸುತ್ತೀರಾ? ಇಬ್ಬರೂ ಸೇರಿ ಗೇಲಿ ಮಾಡುತ್ತಿದ್ದೀರಿ. ನನ್ನ ನೀಲಾಂಬರಿ ಇಂಥ ಮನೆಯಲ್ಲಿ ಒಂದು ಕ್ಷಣವೂ ಇರಕೂಡದು. ಉಮೇರ್, ಏಳು!"

ಉಮೇರ್ ಪರದೆಯ ಕಡೆ ನೋಡುತ್ತ ಎದ್ದ. ದಿಲ್ಶಾದ್ ಬೇಗಂ ಅರ್ಧ ತಿಂದ ಸಮೋಸವನ್ನು ಮನಸ್ಸಿಲ್ಲದೆ ತಟ್ಟೆಗಿಟ್ಟರು. ಸಾಕ್ಷಿಯನ್ನು ಕಂಕುಳಲ್ಲೇ ಇಟ್ಟುಕೊಂಡು, ಅದನ್ನು ಒಮ್ಮೆಯೂ ತೆರೆಯದೆ ಸಯೀದರು ಕುಣಿಗಲ್ಲಿನ ಬಸ್ಸು ಹತ್ತಿದರು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂಬ ಗಾದೆ ಅಂದು ಉಪ್ಪಾರಹಳ್ಳಿಯಲ್ಲಿ ನಿಜವಾಯಿತು.

ಆಮೇಲಿನ ದಿನಗಳು ಬಾಬಾ ಜಾನ್‌ಗೆ ಒಳ್ಳೆಯವಾಗಿರಲಿಲ್ಲ. ಪುಸ್ತಕ ಹೋದ ಮೇಲೆ ಕೋಳಿಗಳಿಗೆ ಪುರಾವೆಯೇ ಇಲ್ಲ. ಯಾರದೋ ಕಣ್ಣು ತಾಗಿದೆಯೆಂದು ಖಮರುನ್ನೀಸಾ ಗಂಡನಿಗೆ ನೆದರು ತೆಗೆದಳು. ಚಿಕ್ಕಮಾರಯ್ಯನವರು, "ಬಾಬಣ್ಣನಿಗೆ ಹಾಸಿಗೆ ಮೇಲೆ ಓದೋ ಅಭ್ಯಾಸ, ನಿದ್ದೆಗಣ್ಣಲ್ಲಿ ಕೋಳಿ ಕಂಡಿರ್ಬೇಕು" ಎಂದು ಬೀದಿಯಲ್ಲೆಲ್ಲ ಹೇಳಿದರು. ಆ ಕೋಳಿಗಾಗಿ ತಾವೇ ಅತ್ತದ್ದನ್ನು ಅವರು ಆಗಲೇ ಮರೆತಿದ್ದರು. ಝೋಯಾ ಉಮೇರ್‌ಗೆ ಫೋನು ಮಾಡಿ, "ನಿಜ ಹೇಳಿ, ಅದ್ರಲ್ಲಿ ಕೋಳಿ ಇದೆಯಾ ಇಲ್ವಾ?" ಎಂದು ಕೇಳಿದಳು. ಉಮೇರ್ ತುಂಬ ಹೊತ್ತು ಯೋಚಿಸಿ, "ಇದ್ರೂ ಇರಬಹುದು" ಎಂದ. ಅವನೂ ಅಪ್ಪನ ಪುಸ್ತಕ ಓದಿರಲಿಲ್ಲ.

"ಅಬ್ಬಾ, ಚೆನ್ನಾಗಿದೆ ಅನ್ನೋಕೆ ಏನಾಗಿತ್ತು ನಿಮಗೆ?" ಎಂದು ಝೋಯಾ ಅಪ್ಪನನ್ನು ಒಂದೇ ಒಂದು ಸಲ ಕೇಳಿದಳು. ಅಳಲಿಲ್ಲ, ಕೂಗಾಡಲಿಲ್ಲ. ಅವಳು ಕೂಗಾಡಿದ್ದರೆ ಚೆನ್ನಾಗಿತ್ತು ಎಂದು ಬಾಬಾ ಜಾನ್‌ಗೆ ಅನ್ನಿಸಿತು. ನಿಜಕ್ಕೂ ತಾನು ಕೋಳಿಗಳನ್ನು ಓದಿದ್ದೆನೋ, ಕನಸು ಕಂಡಿದ್ದೆನೋ ಎಂದು ಅವನಿಗೇ ಅನುಮಾನ ಹತ್ತಿತು.

ಇದೇ ಗೊಂದಲದಲ್ಲಿ ಅವನು ಗುಬ್ಬಿ ದಾಟಿ ಹಾಗಲವಾಡಿಗೆ ಎರಡು ಹಾಸಿಗೆ ಕೊಡಲು ಹೋದ. ಗಿರಾಕಿ ಹೊನ್ನಯ್ಯ, ಅವನ ಹೆಂಡತಿ ಸಿದ್ದಗಂಗಮ್ಮ. ಅಂಗಳದ ತುಂಬ ನಾಟಿ ಕೋಳಿ. ಒಂದು ಮೂಲೆಯಲ್ಲಿ ಬುಟ್ಟಿ ಮುಚ್ಚಿತ್ತು. ಬಾಬಾ ಜಾನ್ ಹಾಸಿಗೆ ಇಳಿಸುವುದನ್ನೂ ಮರೆತು ಬುಟ್ಟಿಯ ಮುಂದೆ ನಿಂತ.

"ಯಜಮಾನ್ರೇ, ಇದ್ರೊಳಗೆ ಏನೈತೆ?"

"ಕಾವಿಗೆ ಕುಂತೈತೆ ಸಾಬ್ರೇ. ಇನ್ನೇನ್ ಇದ್ದಾತು?"

"ಗಂಡಸು ಯಾರೂ ಇಲ್ವಾ?"

ಹೊನ್ನಯ್ಯ ಅವನನ್ನು ಮೇಲಿಂದ ಕೆಳಗೆ ನೋಡಿದ. ಬಾಬಾ ಜಾನ್ ನಾಚಿಕೆ ಬಿಟ್ಟು ತನ್ನ ಕಥೆಯನ್ನೆಲ್ಲ ಹೇಳಿಕೊಂಡ. ನೀಲಾಂಬರಿಯ ಹೆಸರು ಬಂದದ್ದೇ ತಡ, ಹೊನ್ನಯ್ಯ ಜಗಲಿಯಿಂದ ಜಿಗಿದ.

"ನೀಲಾಂಬ್ರಿ ನಿಮಗೂ ಗೊತ್ತಾ? ಲೇ ಸಿದ್ಗಂಗಿ, ತತ್ತಾರೇ ಆ ಪುಸ್ತಕವ! ಸಾಬ್ರೇ, ಕೋಳಿ ಸಾಕೋರ ಟ್ರೇನಿಂಗ್‌ನಾಗೆ ನಮಗೊಂದು ಪುಸ್ತಕ ಕೊಟ್ರು. ಎಲ್ಲಾ ಸರಿಯಾಗೈತೆ. ಗೂಡು ಕಟ್ಟೋದು ಹೆಂಗೆ ಅಂತ ಓದ್ತಾ ಇದ್ರೆ, ಇದ್ದಕ್ಕಿದ್ದಂಗೆ ಯಾವನೋ ಪ್ರಶಾಂತ ಬಂದು ನಿಂತವ್ನೆ, ಅವಳ ಕೈ ಹಿಡ್ಕಂಡವ್ನೆ, ಅವರಪ್ಪ ದೊಣ್ಣೆ ತಗಂಡು ಅಟ್ಟಿಸ್ಕಂಡು ಬತ್ತಾವ್ನೆ! ಆ ನೀಲಾಂಬ್ರಿ ದೀಪ ಹಿಡ್ಕಂಡು ಕತ್ಲೆ ಕೋಣೆ ಒಳಕ್ಕೆ ಹೋಗಿ ನೋಡಿದ್ರೆ, ಮೂಲೇಲಿ..."

"ಮೂಲೇಲಿ?"

"ಹತ್ತು ಮರಿ! ಎಲ್ಡು ಮೊಟ್ಟೆ ಕೆಟ್ಟಿದ್ರೆ ಬೇಸರ ಪಡಬ್ಯಾಡಿ ಅಂತ ಬರ್ದವ್ರೆ. ಪ್ರಶಾಂತ ಏನಾದ ಅಂತಲೇ ಇಲ್ಲ!"

"ಹತ್ತು ಮರಿ ಆದ್ವಾ?" ಬಾಬಾ ಜಾನ್ ಹೊನ್ನಯ್ಯನ ಎರಡೂ ಕೈ ಹಿಡಿದುಕೊಂಡ. "ಅಲ್ಹಮ್ದುಲಿಲ್ಲಾ! ಪ್ರಶಾಂತನ ಯೋಚನೆ ಬಿಡಿ ಯಜಮಾನ್ರೇ, ಅವನು ಬುಟ್ಟಿ ಕೆಳಗವ್ನೆ. ನಾನೇ ಕಣ್ಣಾರೆ ಓದಿದೀನಿ."

"ಬುಟ್ಟಿ ಕೆಳಗೆ ಕೋಳಿ ಐತಲ್ಲ ಸಾಬ್ರೇ?"

"ಅದೇ ನನಗೂ ಅರ್ಥ ಆಗ್ತಿಲ್ಲ."

ಇಬ್ಬರೂ ಜಗಲಿಯ ಮೇಲೆ ಕೂತು ತಲೆ ಕೆರೆದುಕೊಂಡರು. ಎರಡನ್ನೂ ಬರೆದವರು ಒಬ್ಬರೇ ಇರಬೇಕು, ಇದು ಮೊದಲನೇ ಭಾಗ, ಅದು ಎರಡನೇ ಭಾಗ ಎಂಬ ತೀರ್ಮಾನಕ್ಕೆ ಬರುವಷ್ಟರಲ್ಲಿ ಸಿದ್ದಗಂಗಮ್ಮ ಪುಸ್ತಕವನ್ನು ತಂದು ಅವರ ಮಧ್ಯೆ ಕುಕ್ಕಿದಳು.

"ಅಯ್ಯೋ ನಿಮ್ಮ ಬುದ್ಧಿಗಿಷ್ಟು! ಎಲ್ಡೂ ಒಂದೇ ಪ್ರೆಸ್‌ನಾಗೆ ಆಗಿರ್ತವೆ. ಹೊಲಿಯೋವಾಗ ಆ ಪುಟದ ಕಟ್ಟು ಇದಕ್ಕೆ, ಈ ಕಟ್ಟು ಅದಕ್ಕೆ ಸೇರ್ಸವ್ರೆ. ನೋಡಿ, ಹದಿನಾರಾದ ಮೇಲೆ ತೊಂಬತ್ತೇಳು ಐತೆ. ಅಷ್ಟೂ ಕಾಣಕ್ಕಿಲ್ವಾ?"

ಇಬ್ಬರೂ ನೋಡಿದರು. ಅಷ್ಟೂ ಕಂಡಿತು. ತನಗೆ ಹುಚ್ಚು ಹಿಡಿದಿಲ್ಲ ಎಂಬ ಸಂತೋಷಕ್ಕೆ ಬಾಬಾ ಜಾನ್ ಎರಡು ದಿಂಬನ್ನು ಪುಕ್ಕಟೆ ಕೊಟ್ಟ.

ಮರುದಿನವೇ ಬಾಬಾ ಜಾನ್, ಖಮರುನ್ನೀಸಾ ಮತ್ತು ಹೊನ್ನಯ್ಯ ಕುಣಿಗಲ್ಲಿಗೆ ಹೊರಟರು. ಹೊನ್ನಯ್ಯನಿಗೆ ಅಲ್ಲಿ ಕೆಲಸವೇನೂ ಇರಲಿಲ್ಲ. ನೀಲಾಂಬರಿ ಏನಾದಳೆಂದು ತಿಳಿಯದೆ ಅವನಿಗೆ ಊಟ ಸೇರುತ್ತಿರಲಿಲ್ಲ, ಅಷ್ಟೇ. ದೊಡ್ಡವರ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಸಿದ್ದಗಂಗಮ್ಮ ಒಂದು ಕೋಳಿಯ ಕಾಲು ಕಟ್ಟಿ ಚೀಲದಲ್ಲಿ ಹಾಕಿ ಕಳಿಸಿದ್ದಳು.

ಬಾಗಿಲು ತೆಗೆದ ಸಯೀದರು ಬಾಬಾ ಜಾನನನ್ನು ನೋಡಿ ಹುಬ್ಬು ಗಂಟಿಕ್ಕಿದರು. ಆಗಲೇ ಚೀಲದೊಳಗಿಂದ ಕೋಳಿ ಕತ್ತು ಹೊರಗೆ ಹಾಕಿ ಕೊಕ್ಕೊಕ್ಕೋ ಎಂದಿತು.

"ಮನೆಯವರೆಗೂ ಕೋಳಿ ತಂದು ಅಣಕಿಸುತ್ತೀರಾ?" ಎಂದರು ಸಯೀದರು. "ನಾನು ನಿಮಗೆ ಏನು ಅನ್ಯಾಯ ಮಾಡಿದ್ದೆ?"

"ಸಾರ್, ಬಯ್ಯಿರಿ, ಹೊಡೀರಿ. ಒಂದೇ ಒಂದು ಸಲ ನಿಮ್ಮ ಪುಸ್ತಕ ತೆಗ್ದು ನೋಡಿ. ತೊಂಬತ್ತಾರನೇ ಪುಟದ ಮುಂದೆ. ನನ್ನ ಮಗಳ ಮುಖ ನೋಡಿಯಾದ್ರೂ ನೋಡಿ ಸಾರ್."

ಈ ಮಾತಿಗೆ ದಿಲ್ಶಾದ್ ಬೇಗಂ ಕರಗಿದರು. ಗಾಜಿನ ಕಪಾಟಿನ ಬೀಗ ತೆಗೆದು, ರೇಷ್ಮೆ ಬಟ್ಟೆ ಸುತ್ತಿಟ್ಟಿದ್ದ ಪ್ರತಿಯನ್ನು ತಂದು ಗಂಡನ ಕೈಗಿಟ್ಟರು. ಸಯೀದರು ಬಟ್ಟೆ ಬಿಚ್ಚಿದರು. ಪುಟ ತಿರುವಿದರು. ತೊಂಬತ್ತಾರು. ಆಮೇಲೆ ಹದಿನೇಳು. 'ನೆಲಕ್ಕೆ ಭತ್ತದ ಹೊಟ್ಟು ಹರಡಿ.' ಬಾಬಾ ಜಾನ್ ಮನೆಯಿಂದ ಕಸಿದು ತಂದ ಪ್ರತಿಯನ್ನೂ ತೆರೆದರು. ಪೆಟ್ಟಿಗೆಯಿಂದ ಇನ್ನೆರಡನ್ನು ಎಳೆದು ತೆರೆದರು. ಎಲ್ಲದರಲ್ಲೂ ಐವತ್ತೈವತ್ತು ಮರಿ.

ಅವರು ಮೆಲ್ಲಗೆ ಕುರ್ಚಿಯ ಮೇಲೆ ಕೂತರು. ಅವರ ಕನ್ನಡ ಮೊದಲ ಸಲ ನೆಲಕ್ಕಿಳಿಯಿತು.

"ಪುಸ್ತಕ ಬಂದು ವರ್ಷ ಆಯ್ತು. ಎಷ್ಟು ಜನಕ್ಕೆ ಕೊಟ್ಟೆ. ಎಲ್ರೂ ಅದ್ಭುತ ಅಂದ್ರು. ವೇದಿಕೆ ಮೇಲೆ ಒಬ್ರು ಬಾಗಿಲು ತೆಗೆಯೋ ಸನ್ನಿವೇಶ ಓದಿ ಮೂರು ದಿನ ನಿದ್ದೆ ಬರಲಿಲ್ಲ ಅಂದ್ರು." ಅವರು ಒಳಬಾಗಿಲಲ್ಲಿ ನಿಂತಿದ್ದ ಮಗನ ಕಡೆ ತಿರುಗಿದರು. "ಉಮೇರ್, ನೀನು?"

ಉಮೇರ್ ಫ್ಯಾನು ನೋಡಿದ.

"ದಿಲ್ಶಾದ್?"

"ಇಪ್ಪತ್ತು ವರ್ಷ ದಿನಾ ಕೇಳಿದೀನಿ. ಮತ್ತೆ ಓದೋದೂ ಬೇರೆ ಬೇಕಾ?" ಎಂದರು ಆಕೆ. ಆದರೆ ಗಂಡನ ಮುಖ ನೋಡಿ ಆ ಮಾತನ್ನು ಆಡಬಾರದಿತ್ತು ಎಂದುಕೊಂಡರು.

ತನ್ನ ಮಾತು ಸರಿಯಾಗಿತ್ತೆಂದು ಗೆಲ್ಲುವ ಹುಮ್ಮಸ್ಸಿನಲ್ಲಿ ಬಂದಿದ್ದ ಬಾಬಾ ಜಾನ್‌ಗೆ ಈಗ ಗೆದ್ದದ್ದೇ ಬೇಡವಾಗಿತ್ತು. ಅಷ್ಟರಲ್ಲಿ ಹೊನ್ನಯ್ಯ ತಡೆಯಲಾರದೆ ಮುಂದೆ ಬಂದ.

"ಮೇಷ್ಟ್ರೇ, ಅದೆಲ್ಲ ಇರ್ಲಿ. ನೀಲಾಂಬ್ರಿ ದೀಪ ಹಿಡ್ಕಂಡು ಒಳಕ್ಕೋದ್ಲಲ್ಲ, ಆಮ್ಯಾಕೆ ಏನಾತು? ನಮ್ಮನೆವಳು ದಿನಾ ಕೇಳ್ತಾಳೆ. ನಮ್ಮ ಟ್ರೇನಿಂಗ್‌ನಾಗೆ ಪುಸ್ತಕ ತಗಂಡೋರೆಲ್ಲ ಕೇಳ್ತಾರೆ. ಕೋಳಿ ಡಾಕ್ಟ್ರನ್ನ ಕೇಳಿದ್ರೆ ಅವ್ರಿಗೂ ಗೊತ್ತಿಲ್ವಂತೆ."

ಸಯೀದರು ತಲೆಯೆತ್ತಿದರು. "ಏನಂದ್ರಿ? ಇನ್ನೊಂದು ಸಲ ಕೇಳಿ."

"ನೀಲಾಂಬ್ರಿ ಏನಾದ್ಲು ಅಂದೆ."

ಸಯೀದರ ಕಣ್ಣು ತುಂಬಿ ಬಂತು. ಎದ್ದು ಹೊನ್ನಯ್ಯನನ್ನು ತಮ್ಮ ಕುರ್ಚಿಯಲ್ಲೇ ಕೂರಿಸಿ, ಮುಂದಿನ ಕಥೆಯನ್ನು ನಿಂತೇ ಹೇಳಿದರು. ಪ್ರಶಾಂತ ಕಣ್ಣೀರು ಸುರಿಸಿದ್ದು, ಅಪ್ಪ ಬೇರೆ ಮದುವೆ ಗೊತ್ತುಮಾಡಿದ್ದು, ಕೊನೆಗೆ ನೀಲಾಂಬರಿ ತೀರಿಕೊಂಡದ್ದು. ಹೊನ್ನಯ್ಯ ಟವೆಲ್ಲಿನಿಂದ ಕಣ್ಣೊರೆಸಿಕೊಂಡು, "ಸಾಯಿಸ್ಬಾರ್ದಾಗಿತ್ತು ಬುಡಿ" ಎಂದ. ಇದನ್ನು ಕೇಳಿ ಸಯೀದರಿಗೆ ಆದ ಆನಂದ ಇಷ್ಟಿಷ್ಟಲ್ಲ.

ಈಗ ಅವರು ಹೊನ್ನಯ್ಯನ ಕೋಳಿ ಪುಸ್ತಕವನ್ನು ತೆರೆದು, ಅದರೊಳಗೆ ಸಿಕ್ಕಿಕೊಂಡಿದ್ದ ತಮ್ಮ ಹದಿನಾರು ಪುಟಗಳನ್ನು ಬಾಬಾ ಜಾನ್ ಮುಂದೆ ಇಟ್ಟರು. ಕನ್ನಡ ಮತ್ತೆ ಕುರ್ಚಿ ಹತ್ತಿತು.

"ನನ್ನ ಕೃತಿಯನ್ನು ಆದ್ಯಂತ ಓದಿದವರು ಈ ಜಿಲ್ಲೆಯಲ್ಲಿ ತಾವೊಬ್ಬರೇ. ಬಿಟ್ಟುಹೋದ ಈ ಭಾಗವನ್ನೂ ಈಗಲೇ ಓದಿ. ಓದಿ ಹೇಳಿ. ನನ್ನ ಕಾದಂಬರಿ ಹೇಗಿದೆ? ಈ ಸಂಬಂಧ ನಿಂತಿರುವುದು ತಮ್ಮ ಮಾತಿನ ಮೇಲೆಯೇ."

ಬಾಬಾ ಜಾನ್ ಓದಲು ಕೂತ. ದಿಲ್ಶಾದ್ ಬೇಗಂ ಅಡುಗೆಮನೆಯಿಂದ ಲಾಡಿನ ತಟ್ಟೆ ತಂದು ಟೀಪಾಯಿಯ ಮೇಲಿಟ್ಟು, ಮುಟ್ಟಬಾರದು ಎನ್ನುವಂತೆ ಎಲ್ಲರನ್ನೂ ನೋಡಿದರು. ಉಮೇರ್ ಉಗುರು ಕಚ್ಚಿದ. ಖಮರುನ್ನೀಸಾ ಟೀಪಾಯಿಯ ಕೆಳಗೆ ಗಂಡನ ಪಾದದ ಮೇಲೆ ತನ್ನ ಪಾದವನ್ನಿಟ್ಟು, ಪ್ರತಿ ಪುಟಕ್ಕೂ ಸ್ವಲ್ಪ ಸ್ವಲ್ಪ ಭಾರ ಹಾಕುತ್ತ ಹೋದಳು. ಕೊನೆಯ ಪುಟಕ್ಕೆ ಬರುವಾಗ ಅವನ ಹೆಬ್ಬೆರಳು ಜೋಮು ಹಿಡಿದಿತ್ತು. ಪುಸ್ತಕ ಮುಚ್ಚಿ, ಕನ್ನಡಕ ತೆಗೆದ.

"ಈಗ ಎಲ್ಲಾ ಅರ್ಥ ಆಯ್ತು ಸಾರ್. ಪ್ರಶಾಂತ ಯಾಕೆ ಅಳ್ತಾನೆ ಅಂತ ಗೊತ್ತಾಯ್ತು. ಈ ಭಾಗ ಪರವಾಗಿಲ್ಲ, ಮೆತ್ತಗಿದೆ. ಚಂದ್ರ ಕಮ್ಮಿ."

ಎಲ್ಲರೂ ಉಸಿರು ಬಿಟ್ಟರು. ಉಮೇರ್ ಫೋನು ಕೈಗೆತ್ತಿಕೊಂಡ.

"ಆದ್ರೂ..." ಎಂದ ಬಾಬಾ ಜಾನ್.

ಖಮರುನ್ನೀಸಾ ಪೂರ್ತಿ ಭಾರ ಹಾಕಿದಳು.

"ಆದರೂ?" ಎಂದರು ಸಯೀದರು.

"ಕೋಳಿದೇ ಚೆನ್ನಾಗಿತ್ತು ಸಾರ್."

ಸಯೀದರ ಮೀಸೆ ನಡುಗಿತು. ಮೊದಲು ದಿಲ್ಶಾದ್ ಬೇಗಂ ಸೆರಗನ್ನು ಬಾಯಿಗೆ ತುರುಕಿಕೊಂಡರು, ಆಮೇಲೆ ಹೊನ್ನಯ್ಯ ಗೊಳ್ಳೆಂದ. ಸಯೀದರು ಇಬ್ಬರನ್ನೂ ದುರುಗುಟ್ಟಿ ನೋಡಿ, ಬಾಬಾ ಜಾನನ ಕಡೆ ತಿರುಗಿ, ಅವನ ಮುಂದಿದ್ದ ಪುಸ್ತಕವನ್ನು ಎತ್ತಿಕೊಂಡರು.

"ದಿಲ್ಶಾದ್, ಬಾಯಿ ಸಿಹಿ ಮಾಡು. ಶಾಬಾನ್ ತಿಂಗಳಲ್ಲೇ ನಿಕಾಹ್ ಇಟ್ಟುಕೊಳ್ಳೋಣ" ಎಂದರು. "ಈ ಮನುಷ್ಯನನ್ನು ಹೊರಗೆ ಬಿಟ್ಟರೆ ಜಿಲ್ಲೆಯೆಲ್ಲ ಹೇಳಿಕೊಂಡು ತಿರುಗುತ್ತಾನೆ. ಬೀಗನಾದರೆ ನಮ್ಮ ಮನೆಯೊಳಗೆ ಮಾತ್ರ ಹೇಳುತ್ತಾನೆ."

ಖಮರುನ್ನೀಸಾ ಅಲ್ಲೇ ಅತ್ತುಬಿಟ್ಟಳು. ಉಮೇರ್ ಫೋನು ಹಿಡಿದುಕೊಂಡು ಹಿತ್ತಲಿಗೆ ಓಡಿದ. ದಿಲ್ಶಾದ್ ಬೇಗಂ ಒಂದು ಲಾಡನ್ನು ಮುರಿದು ಬಾಬಾ ಜಾನ್ ಕೈಗಿತ್ತು, "ನಾನೇ ಮಾಡಿದ್ದು. ಹೇಗಿದೆ ಭಾಯಿ?" ಎಂದು ಕೇಳಿದರು.

ಬಾಬಾ ಜಾನ್ ಒಂದು ಚೂರು ಅಗಿದು, ಯೋಚಿಸಿ, ಹೇಳಲೆಂದು ಬಾಯಿ ತೆರೆದ. ಖಮರುನ್ನೀಸಾ ಕಣ್ಣೀರು ಒರೆಸಿಕೊಳ್ಳುತ್ತಲೇ ತಟ್ಟೆಯಿಂದ ಇನ್ನೊಂದು ಇಡೀ ಲಾಡು ತೆಗೆದು ಅವನ ಬಾಯಿಗೆ ತುರುಕಿದಳು.